ಉಂಡೆ ಎಂಬ ಹೆಬ್ಬಾವು

ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ತಂಗಿಯ ಮನೆ. ಪೆಟ್ಟಿಗೆ ಹೊತ್ತು ಮಹಡಿ ಹತ್ತಿದ ಮೇಲೆ, ನನಗೆಂದು ಸಜ್ಜುಮಾಡಿದ ಕೋಣೆಯಲ್ಲಿ ಇನ್ನೊಬ್ಬರ ವಾಸ ಇದೆಯೆಂದು ತಿಳಿಯಿತು. ಗೋಡೆ ಬದಿಯಲ್ಲಿ ನಾಲ್ಕಡಿ ಉದ್ದದ ಗಾಜಿನ ಗೂಡು. ಒಳಗೆ ಕಂದು ಬಣ್ಣದ ನಾರು, ನೀರಿನ ಬಟ್ಟಲು, ಕವುಚಿ ಹಾಕಿದ ಎರಡು ಗುಹೆಗಳು. "ದೊಡ್ಡಮ್ಮ, ಇದು ಉಂಡೆ" ಎಂದು ತಂಗಿಯ ಮಗಳು ಒಂದು ಗುಹೆ ಎತ್ತಿದಳು. ಹದಿನಾಲ್ಕು ವರ್ಷದ ಹುಡುಗಿ. ಗುಹೆಯ ಕೆಳಗೆ ಕಪ್ಪು ಮೈಮೇಲೆ ಹೊಂಬಣ್ಣದ ಮಚ್ಚೆಗಳಿದ್ದ ಒಂದು ಹೆಬ್ಬಾವು!

ಪುತ್ತೂರು ಕಡೆಯ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಹೇಳುವಂತಿಲ್ಲ, 'ಹುಳ' ಎನ್ನಬೇಕು. ತೋಟದ ಮೂಲೆಯ ನಾಗಬನಕ್ಕೆ ಕತ್ತಿ ತಾಗಿಸುವಂತಿಲ್ಲ. ನಾಗರಪಂಚಮಿಯ ದಿನ ಕಲ್ಲಿಗೆ ಹಾಲು, ಸೀಯಾಳ, ಅರಿಶಿನ. ಉಳಿದ ದಿನ ದೂರದಿಂದಲೇ ಒಂದು ನಮಸ್ಕಾರ. ಪಕ್ಕದ ಮನೆಯ ಕೋಳಿಗೂಡಿಗೆ ನುಗ್ಗಿದ್ದ ಹೆಬ್ಬಾವನ್ನು ನಾಲ್ಕು ಜನ ಸೇರಿ ಗೋಣಿಗೆ ತುಂಬಿದ್ದು ನನಗಿನ್ನೂ ನೆನಪಿದೆ. ಹಾವೆಂದರೆ ದೇವರು, ಇಲ್ಲವೆ ಗಾಬರಿ. ಅದು ಮಗುವೊಂದರ ಕೋಣೆಯಲ್ಲಿ ಹೆಸರಿಟ್ಟುಕೊಂಡು ಬದುಕಬಹುದೆಂಬ ಮೂರನೆಯ ದಾರಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಹುಡುಗಿ ಅದನ್ನು ಎತ್ತಿ ನನ್ನ ಮಡಿಲಲ್ಲಿಡುತ್ತಾಳೆ. ನಾನು ಉಸಿರು ಬಿಗಿಹಿಡಿದಿದ್ದೇನೆ. ಹಾವು ಮಾಡುವುದೇನು? ಸರಸರನೆ ಮೈ ಸುತ್ತಿಕೊಂಡು, ತಲೆಯನ್ನು ನಟ್ಟನಡುವೆ ಹುದುಗಿಸಿಕೊಂಡು ಮುಷ್ಟಿ ಬಿಗಿದ ಹಾಗೆ ಆಗಿಬಿಡುತ್ತದೆ. ದೀಪಾವಳಿಗೆ ಕಟ್ಟಿದ ಎಳ್ಳುಂಡೆಯಷ್ಟು ಗಟ್ಟಿ. "ಹೆದರಿದೆ ದೊಡ್ಡಮ್ಮ. ನೀವು ಅಲ್ಲಾಡಬೇಡಿ" ಎನ್ನುತ್ತಾಳೆ ಅವಳು. ಈ ಜಾತಿಗೆ ಬಾಲ್ ಪೈಥಾನ್ ಎಂಬ ಹೆಸರು ಬಂದದ್ದೇ ಈ ಗುಣದಿಂದ. ಇಂಗ್ಲೆಂಡಿನವರು ಇದನ್ನೇ ರಾಯಲ್ ಪೈಥಾನ್ ಎನ್ನುತ್ತಾರಂತೆ. ಶಾಸ್ತ್ರದ ಹೆಸರು ಪೈಥಾನ್ ರೀಜಿಯಸ್ ಕೂಡ ರಾಜನನ್ನೇ ಹೇಳುತ್ತದೆ. ನನ್ನ ಮಡಿಲಲ್ಲಿದ್ದದ್ದು ಮಾತ್ರ ನನಗಿಂತ ಹೆಚ್ಚು ಅಂಜಿದ್ದ ಒಂದು ಜೀವ. ಒಂದೂವರೆ ಕಿಲೋ ತೂಕದ ಅಂಜಿಕೆ. ಬೆರಳು ತಾಗಿಸಿ ನೋಡಿದೆ. ಲೋಳೆ ಇಲ್ಲ, ಒರಟಿಲ್ಲ. ಹಳೆಯ ಜಪಮಣಿಯ ಹಾಗೆ ಒಣಗಿದ ನುಣುಪು.

ಅಕ್ಟೋಬರ್‌ನ ಒಣಹವೆಗೆ ಎರಡೇ ದಿನದಲ್ಲಿ ನನ್ನ ತುಟಿ ಒಡೆಯಿತು, ಹಿಮ್ಮಡಿ ಬಿರಿಯಿತು. ಉಂಡೆಯ ಗೂಡಿನಲ್ಲಿ ಮಾತ್ರ ಊರಿನ ಮಳೆಗಾಲ! ಒಂದು ಬದಿ 32 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ, ಇನ್ನೊಂದು ಬದಿ 26ರ ತಂಪು, ಗಾಳಿಯಲ್ಲಿ ಶೇಕಡಾ 60ರಷ್ಟು ತೇವ. ಹುಡುಗಿ ದಿನವೂ ಮಾಪಕ ನೋಡಿ ನೀರು ಸಿಂಪಡಿಸುತ್ತಾಳೆ. ಕೆಳಗೆ ಹಾಸಿದ್ದು ಏನೆಂದುಕೊಂಡಿರಿ? ನಮ್ಮ ತೆಂಗಿನ ನಾರು! ಪೊಟ್ಟಣದ ಮೇಲೆ ಶ್ರೀಲಂಕಾದ ಹೆಸರಿದೆ. ನಾವು ಹಂಡೆಯ ಒಲೆಗೆ ತುರುಕುವ ಸಿಪ್ಪೆ ಏಳು ಸಮುದ್ರ ದಾಟಿ ಇಲ್ಲಿ ಹಾವಿನ ಹಾಸಿಗೆಯಾಗಿದೆ. ಆ ಎರಡು ಗುಹೆಗಳನ್ನು ಅವಳು ಕನ್ನಡದಲ್ಲೇ 'ಹುತ್ತ' ಎನ್ನುತ್ತಾಳೆ. ಅದು ಬರಿಯ ಮುದ್ದಿನ ಮಾತಲ್ಲ. ಪಶ್ಚಿಮ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಈ ಹಾವು ಹಗಲು ಕಳೆಯುವುದು ಇಲಿಯ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ. ಬೆಚ್ಚಗಿನ ಕಡೆ ಒಂದು, ತಂಪಿನ ಕಡೆ ಒಂದು ಹುತ್ತ ಇರಲೇಬೇಕು. ಒಂದೇ ಇದ್ದರೆ ಹೆದರಿಕೆಯಿಂದ ಅಲ್ಲೇ ಕೂತು, ಮೈಗೆ ಬೇಕಾದ ಬಿಸಿಯನ್ನೂ ಬಿಟ್ಟುಬಿಡುತ್ತದಂತೆ.

ರಾತ್ರಿ ಎರಡು ಗಂಟೆ. ಊರಿನಲ್ಲಿ ಊಟ ಮುಗಿಸಿ ಎಲೆ ತೆಗೆಯುವ ಹೊತ್ತು. ನನಗೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಅತ್ತ ಉಂಡೆಗೂ ಇಲ್ಲ, ಅದು ನಿಶಾಚರಿ. ಮನೆಯೆಲ್ಲ ಮಲಗಿದ ಮೇಲೆ ನಾವಿಬ್ಬರೇ. ಅದು ಹುತ್ತದಿಂದ ತಲೆ ಹೊರಹಾಕಿ, ಗಾಜಿನ ಅಂಚಿನಗುಂಟ ನಿಧಾನವಾಗಿ ಹರಿಯುತ್ತದೆ. ನಾಲಗೆ ಚಾಚಿ ಗಾಳಿಯ ವಾಸನೆ ಹಿಡಿಯುತ್ತದೆ. ಬಟ್ಟಲಿಗೆ ಬಾಯಿಟ್ಟು ನೀರು ಹೀರುವಾಗ ದವಡೆ ಸಣ್ಣಗೆ ಮಿಡಿಯುತ್ತದೆ. ಹಾಲಲ್ಲ, ನೀರು! ರೆಪ್ಪೆಯಿಲ್ಲದ ಆ ಕಣ್ಣುಗಳನ್ನು ನೋಡುತ್ತ ನೋಡುತ್ತ ನನಗೆ ಎಷ್ಟೋ ಸಲ ಬೆಳಗಾಗಿದೆ. ನಾಯಿ ಬಾಲ ಆಡಿಸುತ್ತದೆ, ಬೆಕ್ಕು ಕಾಲಿಗೆ ಮೈ ಉಜ್ಜುತ್ತದೆ. ಇದು ನಮ್ಮಿಂದ ಏನನ್ನೂ ಬೇಡದೆ, ಏನನ್ನೂ ತೋರಿಸಿಕೊಳ್ಳದೆ ತನ್ನ ಪಾಡಿಗೆ ಇರುತ್ತದೆ. ನೋಡುವವರ ಎದೆಬಡಿತವೂ ಅದರ ನಡಿಗೆಯ ಲಯಕ್ಕೆ ಇಳಿಯುತ್ತದೆ. ಇಲ್ಲಿನ ಜನ ಇದಕ್ಕೆ ಯಾಕೆ ಮನಸೋಲುತ್ತಾರೆಂಬುದು ನನಗೆ ಮೊದಲು ತಿಳಿದದ್ದು ಆ ರಾತ್ರಿಗಳಲ್ಲಿ.

ಒಂದು ಬೆಳಿಗ್ಗೆ ಪಲ್ಯಕ್ಕೆ ತೆಂಗಿನತುರಿ ಬೇಕೆಂದು ನೆಲಮಾಳಿಗೆಗೆ ಇಳಿದೆ. ಅಲ್ಲಿ ಎರಡು ಫ್ರೀಜರ್. ದೊಡ್ಡದನ್ನು ಬಿಟ್ಟು ಸಣ್ಣದನ್ನು ತೆರೆದೆ. ಪ್ಲಾಸ್ಟಿಕ್ ಚೀಲದಲ್ಲಿ ಹೆಪ್ಪುಗಟ್ಟಿದ ಇಲಿಗಳು! ಸಣ್ಣ, ನಡುತರ, ದೊಡ್ಡದು ಎಂದು ಚೀಟಿ ಅಂಟಿಸಿ, ಸಾಲಾಗಿ. ಆ ದಿನ ಪಲ್ಯ ತೆಂಗಿನತುರಿ ಇಲ್ಲದೆಯೇ ಆಯಿತು. "ಅಕ್ಕ, ಮೊದಲೇ ಹೇಳಬೇಕಿತ್ತು" ಎಂದು ತಂಗಿ ಪೇಚಾಡಿದಳು. ಅಪ್ಪಟ ಸಸ್ಯಾಹಾರಿ ಮನೆಯ ಹುಡುಗಿ ಹತ್ತು ದಿನಕ್ಕೊಮ್ಮೆ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಉದ್ದನೆಯ ಚಿಮಟದಲ್ಲಿ ಹಿಡಿದು ಗೂಡಿನ ಮುಂದೆ ಕೂರುವುದನ್ನು ನಾನು ನೋಡಿದೆ. ತಣ್ಣಗಿದ್ದರೆ ಉಂಡೆ ತಿರುಗಿಯೂ ನೋಡದು. ಅದರ ತುಟಿಯಂಚಿನಲ್ಲಿ ಶಾಖ ಗ್ರಹಿಸುವ ಸಣ್ಣ ಗುಳಿಗಳಿವೆ. ಕತ್ತಲಲ್ಲಿ ಇಲಿಯ ಮೈಬಿಸಿ ಅದಕ್ಕೆ ಗೊತ್ತಾಗುತ್ತದೆ. ಬೆಚ್ಚಗಾದದ್ದು ತಾಗಿದ ಕೂಡಲೇ, ಕಣ್ಣು ಮಿಟುಕಿಸುವುದರೊಳಗೆ, ಎರಡು ಸುತ್ತು. ನಾನು ಮುಖ ತಿರುಗಿಸಿದೆ. ಅವಳು ತಿರುಗಿಸಲಿಲ್ಲ. ಚಳಿಗಾಲದಲ್ಲಿ ಇವು ತಿಂಗಳುಗಟ್ಟಲೆ ಉಪವಾಸ ಕೂರುವುದೂ ಉಂಟಂತೆ. ಕಳೆದ ವರ್ಷ ಉಂಡೆ ಹಾಗೆ ಕೂತಾಗ, ವಾರಕ್ಕೊಮ್ಮೆ ತೂಕ ಬರೆದಿಡುತ್ತ ಈ ಹುಡುಗಿಯೂ ಸೊರಗಿದ್ದಳೆಂದು ತಂಗಿ ಹೇಳಿದಳು.

ಉಂಡ ಮೇಲೆ ಎರಡು ದಿನ ಮುಟ್ಟುವಂತಿಲ್ಲ. ಮೂರನೆಯ ದಿನ ನೋಡಿದರೆ ಕಣ್ಣಿಗೆ ನೀಲಿಬೂದು ಪೊರೆ ಕವಿದಿದೆ. ಹಳೆ ಚರ್ಮ ಬಿಡುವ ಹೊತ್ತು, ಆಗಲೂ ಮುಟ್ಟಬಾರದು. ನನ್ನ ಮೂರು ವಾರದ ರಜೆ ಹೀಗೆ ಹಾವಿನ ಪಂಚಾಂಗ ನೋಡಿಕೊಂಡು ಸಾಗಿತು.

ಆ ಶನಿವಾರ ನಾವು ಟಿನ್ಲಿ ಪಾರ್ಕ್‌ಗೆ ಹೋಗುತ್ತೇವೆ. ಉತ್ತರ ಅಮೆರಿಕದ ಸರೀಸೃಪ ತಳಿಗಾರರ ಮೇಳ ಇಲ್ಲಿ ಮಾರ್ಚ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ನಡೆಯುತ್ತದೆ. ಸುಬ್ರಹ್ಮಣ್ಯದ ಷಷ್ಠಿ ಜಾತ್ರೆಯಷ್ಟೇ ನೂಕುನುಗ್ಗಲು! ಮೇಜುಗಳ ಸಾಲು ಸಾಲು. ಬೇಕರಿಯ ಸಿಹಿ ಕಟ್ಟಿಕೊಡುವಂಥ ಪಾರದರ್ಶಕ ಡಬ್ಬಿಗಳು. ಪ್ರತಿ ಡಬ್ಬಿಯಲ್ಲೂ ಒಂದು ಗೇಣು, ಗೇಣೂವರೆಯ ಹೆಬ್ಬಾವಿನ ಮರಿ. ಹಾಲುಬಿಳುಪಿನ ಮೇಲೆ ಕಂದು ತೇಪೆಯ ಪೈಬಾಲ್ಡ್, ಬಾಳೆಹಣ್ಣಿನ ಬಣ್ಣದ ಬನಾನಾ, ಬೆನ್ನಿನುದ್ದ ಗೆರೆ ಎಳೆದ ಪಿನ್‌ಸ್ಟ್ರೈಪ್. ರೇಷ್ಮೆ ಸೀರೆಯಂಗಡಿಯಲ್ಲಿ ಸೀರೆ ಬಿಚ್ಚಿ ಹರವಿದ ಹಾಗೆ ಕಣ್ಣು ಎಲ್ಲಿಯೂ ನಿಲ್ಲದು. 1992ರಲ್ಲಿ ಓಕ್ಲಹೋಮಾದ ಬಾಬ್ ಕ್ಲಾರ್ಕ್ ಮೊದಲ ಬಾರಿಗೆ ಬಿಳಿ-ಹಳದಿಯ ಅಲ್ಬೀನೋ ಮರಿಗಳನ್ನು ತಳಿ ಎಬ್ಬಿಸಿದ ಮೇಲೆ ಹುಟ್ಟಿದ ಹುಚ್ಚು ಇದು. ಈಗ ಇಂಥ ಬಣ್ಣದ ಬಗೆಗಳು ಸಾವಿರಾರು. ಕಾಡುಬಣ್ಣದ ಸಾದಾ ಮರಿಗೆ ಹತ್ತಾರು ಡಾಲರ್, ಅಪರೂಪದ್ದಕ್ಕೆ ಸಾವಿರಗಟ್ಟಲೆ. ನನಗೆ ಸಾದಾದ್ದೇ ಚೆಂದ ಕಂಡಿತು. ಒಣಗಿದ ಎಲೆಯ ಮೇಲೆ ಬಿಸಿಲು ಬಿದ್ದ ಹಾಗಿರುವ ಆ ಮೈಯನ್ನು ಮೀರಿಸುವ ಬಣ್ಣ ಅಲ್ಲಿ ಯಾವುದೂ ಇರಲಿಲ್ಲ.

ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಕೈಗೆ ಸ್ಯಾನಿಟೈಸರ್ ಹಚ್ಚಲೇಬೇಕು. ಒಂದರ ಉಣ್ಣಿ, ಸೋಂಕು ಇನ್ನೊಂದಕ್ಕೆ ತಾಗಬಾರದು. ನಮ್ಮ ಅಜ್ಜಿಯ ಮಡಿಗಿಂತ ಬಿಗಿ! ಸಂಜೆ ಹೊತ್ತಿಗೆ ನನ್ನ ಅಂಗೈ ಸುಲಿದ ಬಾಳೆದಿಂಡಿನಂತಾಗಿತ್ತು. ತೋಳಿಗೆಲ್ಲ ಹಚ್ಚೆ ಹಾಕಿಸಿಕೊಂಡ ಆಜಾನುಬಾಹು ಒಬ್ಬರು, ಅಂಗೈಯಲ್ಲಿ ಬೆರಳುಗಾತ್ರದ ಮರಿಯನ್ನಿಟ್ಟುಕೊಂಡು ಪಿಸುಮಾತಿನಲ್ಲಿ ಹೇಳುತ್ತಾರೆ: ತಾಯಿ ಆರೇಳು ಮೊಟ್ಟೆ ಇಟ್ಟು, ಎರಡು ತಿಂಗಳ ಹತ್ತಿರ ಅವುಗಳ ಸುತ್ತ ಸುರುಳಿ ಸುತ್ತಿ ಕೂರುತ್ತಾಳೆ, ಅಷ್ಟೂ ದಿನ ಸಾಮಾನ್ಯವಾಗಿ ಊಟ ಮುಟ್ಟುವುದಿಲ್ಲ. ಹೇಳುವಾಗ ಅವರ ಕಣ್ಣು ಹನಿಗೂಡಿದ್ದನ್ನು ಕಂಡೆ. ಇನ್ನೊಂದು ಕಡೆ ಸ್ಪೈಡರ್ ಎಂಬ ಬಗೆಯ ಮರಿ. ಜೇಡರ ಬಲೆಯಂಥ ಗೆರೆಗಳು. ತಲೆ ಎತ್ತಿದರೆ ಕತ್ತು ನಡುಗಿ ತಿರುಚಿಕೊಳ್ಳುತ್ತದೆ. ಆ ಬಣ್ಣದ ಜೊತೆಗೇ ಆ ನಡುಕವೂ ಹುಟ್ಟಿ ಬರುತ್ತದೆ. ಗೊತ್ತಿದ್ದೂ ಅದನ್ನು ಬೆಳೆಸುವುದು ನನಗೆ ಸರಿಯೆನಿಸಲಿಲ್ಲ. ಹುಡುಗಿಯೂ ಮಾತಿಲ್ಲದೆ ನನ್ನ ಕೈಹಿಡಿದು ಮುಂದೆ ಕರೆದೊಯ್ದಳು.

ಮನೆಗೆ ಮರಳುವ ದಾರಿಯಲ್ಲಿ ಅವಳು ಬೆನಿನ್ ದೇಶದ ಊಇಡಾ ಪಟ್ಟಣದ ಮಾತೆತ್ತಿದಳು. ಉಂಡೆಯ ಪೂರ್ವಿಕರ ನೆಲ. ಅಲ್ಲಿ ಈ ಹಾವುಗಳಿಗೇ ಒಂದು ಗುಡಿ ಇದೆ, ಎದುರಿಗೇ ದೊಡ್ಡ ಚರ್ಚು. ರಾತ್ರಿ ಗುಡಿಯ ಹಾವುಗಳು ಊರೊಳಗೆ ಹರಿದು ಯಾರದೋ ಮನೆ ಹೊಕ್ಕರೆ, ಆ ಮನೆಯವರು ಮರ್ಯಾದೆಯಿಂದ ಎತ್ತಿ ತಂದು ಗುಡಿಗೆ ಒಪ್ಪಿಸುತ್ತಾರೆ. ಕೇಳಿ ನನಗೆ ರೋಮಾಂಚನವಾಯಿತು. ನಮ್ಮ ನಾಗಬನದ ಬಂಧುಗಳು ಅಟ್ಲಾಂಟಿಕ್ ತೀರದಲ್ಲೂ ಇದ್ದಾರೆ! ಆದರೆ ಅದೇ ಬೆನಿನ್, ಟೋಗೋ, ಘಾನಾಗಳಿಂದ ಸಾವಿರಾರು ಮರಿಗಳು ಸಾಕುವ ಮಾರುಕಟ್ಟೆಗೆ ಹಡಗು, ವಿಮಾನ ಏರಿವೆ. ಮೊಟ್ಟೆ ಹೊತ್ತ ತಾಯಂದಿರನ್ನು ಬಿಲದಿಂದ ಅಗೆದು ತೆಗೆದಿದ್ದಾರೆ. ಉಂಡೆ ಇಲಿನಾಯ್‌ನಲ್ಲೇ, ಸಾಕಿದ ತಾಯಿಯ ಮೊಟ್ಟೆಯಲ್ಲಿ ಹುಟ್ಟಿದ್ದೆಂದು ವಿಚಾರಿಸಿಯೇ ತಂದದ್ದಾಗಿ ಹುಡುಗಿ ಎರಡೆರಡು ಸಲ ಹೇಳಿದಳು. ನಮ್ಮಲ್ಲಾದರೆ ಊರಿನ ಹೆಬ್ಬಾವನ್ನು ಮನೆಯಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅದು ಹಾಗೇ ಇರಲಿ, ನಮ್ಮದು ಕಾಡಿನಲ್ಲೇ ಇರಲಿ.

ಮುಂದಿನ ವಾರ ಸೇಂಟ್ ಲೂಯಿಗೆ ಐದು ತಾಸಿನ ಪಯಣ. ಕೊಯ್ಲಾದ ಮೆಕ್ಕೆಜೋಳದ ಹೊಲ, ಮತ್ತೆ ಮೆಕ್ಕೆಜೋಳದ ಹೊಲ. ಚಿತ್ರಾನ್ನದ ಡಬ್ಬಿ ಖಾಲಿಯಾದರೂ ಒಂದು ಗುಡ್ಡ ಎದುರಾಗಲಿಲ್ಲ. ಘಟ್ಟ ಹತ್ತಿ ಇಳಿದು ಬೆಳೆದ ನನಗೆ ಇಷ್ಟು ಚಪ್ಪಟೆ ನೆಲ ನೋಡಿಯೇ ತಲೆ ಸುತ್ತಿತು. ಕೊನೆಗೆ ಮಿಸಿಸಿಪ್ಪಿ, ಆಚೆ ದಡದಲ್ಲಿ ಆಕಾಶಕ್ಕೆ ಬಾಗಿದ ಉಕ್ಕಿನ ಕಮಾನು. ನಾವು ಬಂದದ್ದು ಮೃಗಾಲಯಕ್ಕೆ. ಪ್ರವೇಶಕ್ಕೆ ದುಡ್ಡಿಲ್ಲ! 1927ರಲ್ಲಿ ಕಟ್ಟಿದ ಸರೀಸೃಪಗಳ ಮನೆಯೊಳಗೆ ಹುಡುಗಿ ದೇವಸ್ಥಾನದಲ್ಲಿ ನಡೆಯುವ ಹಾಗೆ ನಡೆಯುತ್ತಾಳೆ. ಇಲ್ಲಿನ ಒಂದು ಬಾಲ್ ಪೈಥಾನನ್ನು 1961ರಲ್ಲಿ ಯಾರೋ ಮನೆಯಲ್ಲಿ ಸಾಕಿದವರು ತಂದುಕೊಟ್ಟಿದ್ದರು. 2020ರ ಜುಲೈನಲ್ಲಿ, ಸುಮಾರು 62ರ ಪ್ರಾಯದಲ್ಲಿ, ಹದಿನೈದು ವರ್ಷವಾದರೂ ಗಂಡಿನ ನೆರಳು ಸೋಕದ ಆ ಅಜ್ಜಿ ಏಳು ಮೊಟ್ಟೆ ಇಟ್ಟಳು! ಅವಳನ್ನು ಜನರ ಮುಂದೆ ಇಟ್ಟಿರಲಿಲ್ಲವಂತೆ, ಹಾಗಾಗಿ ನಮಗೆ ನೋಡಲು ಸಿಗಲಿಲ್ಲ. ಆದರೂ ಹುಡುಗಿ ಆ ಕಟ್ಟಡದಲ್ಲಿ ಒಂದು ಗಂಟೆ ನಿಂತಳು.

"ಉಂಡೆ ಮೂವತ್ತು ವರ್ಷ ಬದುಕಬಹುದು ದೊಡ್ಡಮ್ಮ. ಆಗ ನನಗೆ ನಲವತ್ತು ದಾಟಿರುತ್ತದೆ" ಎಂದಳು ಹೊರಗೆ ಬಂದು. ಕಾಲೇಜಿಗೆ ಹೋದರೆ ಹಾಸ್ಟೆಲ್‌ಗೆ ಕರೆದೊಯ್ಯಲಾಗದು, ಅಮ್ಮ ಇಲಿ ಮುಟ್ಟುವುದಿಲ್ಲ. ಅದಕ್ಕೆ ಈಗಿನಿಂದಲೇ ಅಪ್ಪನಿಗೆ ಚಿಮಟ ಹಿಡಿಯುವುದನ್ನು ಕಲಿಸುತ್ತಿದ್ದಾಳೆ.

ಮರಳಿ ಬಂದಾಗ ಗೂಡಿನಲ್ಲಿ ಪೊರೆ ಬಿದ್ದಿದೆ. ಮೂತಿಯಿಂದ ಬಾಲದ ತುದಿಯವರೆಗೆ ಒಂದೂ ಹರಕಿಲ್ಲ, ಕಣ್ಣಿನ ಮೇಲಿನ ಎರಡು ಪುಟ್ಟ ಗಾಜುಗಳು ಕೂಡ ಅದರಲ್ಲೇ. ಊರಿಗೆ ಒಯ್ದು ಅಮ್ಮನಿಗೆ ತೋರಿಸುವ ಆಸೆ. ಆದರೆ ಈ ಹಾವಿನ ಪೊರೆಗೂ ದೇಶ ದಾಟಲು ಅನುಮತಿ ಚೀಟಿ ಬೇಕು. ಕಿಟಕಿಗೆ ಹಿಡಿದು ಬೆಳಕಿನಲ್ಲಿ ನೋಡಿ ಅಲ್ಲೇ ಇಟ್ಟೆ.

ಹೊರಡುವ ಹಿಂದಿನ ರಾತ್ರಿ, ಎರಡು ಗಂಟೆ. ಹುಡುಗಿ ಎದ್ದು ಬಂದು ಉಂಡೆಯನ್ನು ನನ್ನ ಮಡಿಲಿಗೆ ಹಾಕುತ್ತಾಳೆ. ಹೊಸ ಮೈ, ಎಣ್ಣೆ ಹಚ್ಚಿದ ಹೊಳಪು. ಮತ್ತದೇ ಬಿಗಿದ ಮುಷ್ಟಿ. ನಾವಿಬ್ಬರೂ ಮಾತಾಡುವುದಿಲ್ಲ. ಹತ್ತು ನಿಮಿಷ, ಹದಿನೈದು ನಿಮಿಷ. ಒಂದು ಸುತ್ತು ಸಡಿಲುತ್ತದೆ. ನಡುವಿನಿಂದ ಮೂತಿ ಮೇಲೇಳುತ್ತದೆ, ನಾಲಗೆ ನನ್ನ ಬಳೆಯನ್ನು ಸವರುತ್ತದೆ, ಒಮ್ಮೆ, ಇನ್ನೊಮ್ಮೆ. ಆಮೇಲೆ ಬಳೆ ದಾಟಿ, ಮುಂಗೈಯ ಬಿಸಿ ಹುಡುಕಿಕೊಂಡು, ನನ್ನ ಶಾಲಿನ ಮಡಿಕೆಯೊಳಗೆ ಮೆಲ್ಲಗೆ ಹರಿಯತೊಡಗುತ್ತದೆ.