ಮಹಡಿ ಇಳಿಯಬೇಡ, ಅಪ್ಪಯ್ಯ



ದೀಪಾವಳಿಗೆ ಬಂದಾಗ ಕಂಡದ್ದು ಇನ್ನೂ ಕಣ್ಣಲ್ಲೇ ಇದೆ. ನೀನು ಮಹಡಿಯಲ್ಲಿ ಕೂತು ಎರಡು ಪುಟ ಟೈಪ್ ಮಾಡುವುದು, ಪೆನ್ ಡ್ರೈವಿಗೆ ಹಾಕಿ ಜೇಬಿನಲ್ಲಿಟ್ಟುಕೊಳ್ಳುವುದು, ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯುವುದು. ಕೆಳಗೆ ತಮ್ಮನ ಕಂಪ್ಯೂಟರಿನಲ್ಲಿ ತೆರೆದರೆ ನಮ್ಮೂರು ಮುಳುಗಿದ ಕಥೆಯೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆಗಿನ ನಿನ್ನ ಮುಖ ನೋಡಲಾಗದೆ, ಹೊರಡುವ ಮುಂಚೆ ಎರಡು ದಿನ ಕೂತು ಎಲ್ಲ ಜೋಡಿಸಿ ಬಂದೆ. ಬಸ್ಸಿನ ಗಡಿಬಿಡಿಯಲ್ಲಿ ಬಿಡಿಸಿ ಹೇಳಲಾಗಲಿಲ್ಲ, ಅದಕ್ಕೇ ಈ ಕಾಗದ.

ನೀನು ಬಳಸುವುದು ಹಳೆಯ ನುಡಿ ಫಾಂಟ್. ಅದರಲ್ಲಿ ಟೈಪ್ ಮಾಡಿದಾಗ ಕಡತದೊಳಗೆ ಕೂರುವುದು ಇಂಗ್ಲಿಷಿನ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ತಮ್ಮನ ಅಡಿಕೆ ಲೆಕ್ಕದ ಕಂಪ್ಯೂಟರಿನಲ್ಲಿ ಆ ಫಾಂಟೇ ಇರಲಿಲ್ಲ. ಈಗ ಅಲ್ಲಿನ ಪ್ರಿಂಟರನ್ನು ನಿನಗೂ ಶೇರ್ ಮಾಡಿದ್ದೇನೆ. ಮಹಡಿಯಿಂದಲೇ ಪ್ರಿಂಟ್ ಕೊಡು. ಪುಟವನ್ನು ಸಿದ್ಧಮಾಡುವುದು ನಿನ್ನ ಕಂಪ್ಯೂಟರೇ; ಕೆಳಗಿನದು ಅದನ್ನು ಪ್ರಿಂಟರಿಗೆ ದಾಟಿಸುತ್ತದೆ, ಅಷ್ಟೆ. ಒಂದಕ್ಷರವೂ ಒಡೆಯುವುದಿಲ್ಲ. ತಮ್ಮನ ಕಂಪ್ಯೂಟರ್ ಮಾತ್ರ ಆನ್ ಇರಬೇಕು. ಅದು ತಾನಾಗಿ ನಿದ್ದೆಗೆ ಜಾರದ ಹಾಗೆ ಮಾಡಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ರೂಟರ್ ಕಂಪ್ಯೂಟರುಗಳಿಗೆ ಬೇರೆ ವಿಳಾಸ ಕೊಟ್ಟುಬಿಡುವುದುಂಟು. ಅದಕ್ಕೇ 192.168.1.20 ಅನ್ನು ಅವನ ಕಂಪ್ಯೂಟರಿಗೆಂದೇ ಮೀಸಲಿಟ್ಟೆ. ನಿನ್ನ ಡೈರಿಯಲ್ಲೂ ಬರೆದುಕೋ.

ಮೊದಲು ಎರಡೂ ಕಂಪ್ಯೂಟರುಗಳು ಒಂದರ ಕಣ್ಣಿಗೆ ಒಂದು ಬೀಳಲೇ ಇಲ್ಲ. ನೋಡಿದರೆ, ವಿಂಡೋಸ್ ನಮ್ಮ ಮನೆಯ ವೈಫೈಯನ್ನೇ ‘ಪಬ್ಲಿಕ್’ ಎಂದು ಗುರುತಿಸಿಕೊಂಡಿತ್ತು. ‘ಪ್ರೈವೇಟ್’ ಮಾಡಿದ ಮೇಲೆ ಕಂಡವು.

ಯಾರಾದರೂ ಎಸ್‌ಎಂಬಿ-1 ಆನ್ ಮಾಡಿದರೆ ಎಲ್ಲ ಸಲೀಸು ಎಂದರೆ ಖಂಡಿತ ಒಪ್ಪಬೇಡ. ಕಡತ ಹಂಚಿಕೊಳ್ಳುವ ಹಳೆಯ ಪದ್ಧತಿ ಅದು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಅದರ ದೋಷವನ್ನೇ ಹಿಡಿದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹಬ್ಬಿತು. ಜನರ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಕೈಕಟ್ಟಿ ಕೂರುವಂತಾಯಿತು. ಈ ಹಂಚಿಕೆಗೆ ಪಾಸ್‌ವರ್ಡ್ ಏಕೆ ಇಟ್ಟೆ, ಮನೆಯವರೇ ಅಲ್ಲವೇ ಎಂದು ನೀನು ಕೇಳಿದ್ದೆ. ಬಂದ ನೆಂಟರಿಗೆಲ್ಲ ನಾವು ವೈಫೈ ಕೊಡುತ್ತೇವೆ, ಅಪ್ಪಯ್ಯ. ಯಾರ ಲ್ಯಾಪ್‌ಟಾಪಿನಲ್ಲಿ ಏನು ಹೊಕ್ಕಿದೆಯೋ!

ಇನ್ನು ನಿನ್ನ ಅಧ್ಯಾಯಗಳಿರುವ ‘ಮುಳುಗಡೆ’ ಫೋಲ್ಡರ್. ಮೂಲ ಪ್ರತಿ ನಿನ್ನ ಕಂಪ್ಯೂಟರಿನಲ್ಲೇ ಇದೆ. ಕೆಳಗಿನವರಿಗೆ ಓದಲು ಮಾತ್ರ ಅನುಮತಿ, ತಿದ್ದಲು ಇಲ್ಲ. ಕೆಳಗಿನಿಂದ ನೆಟ್‌ವರ್ಕ್ ಮೂಲಕ ಅಳಿಸಿದ ಕಡತ ರೀಸೈಕಲ್ ಬಿನ್‌ಗೆ ಬರುವುದಿಲ್ಲ, ಹೋದದ್ದು ಹೋದಂತೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಬಂದು ಹೋದ ಊರನ್ನು ನೀನು ಇಷ್ಟು ಕಷ್ಟಪಟ್ಟು ಕಟ್ಟುತ್ತಿರುವಾಗ ಅದು ಒಂದು ಕೈತಪ್ಪಿಗೆ ಹೋಗಬಾರದು. ಹಂಚಿಕೊಂಡದ್ದು ಬ್ಯಾಕಪ್ ಅಲ್ಲ, ಆದ್ದರಿಂದ ಬೀರುವಿನಲ್ಲಿರುವ ಕಪ್ಪು ಹಾರ್ಡ್ ಡಿಸ್ಕಿಗೆ ಭಾನುವಾರಕ್ಕೊಮ್ಮೆ ಕಾಪಿ ಮಾಡು. ಅಧ್ಯಾಯ ಮುಗಿದಾಗ ಪಿಡಿಎಫ್ ಕೂಡ ಮಾಡಿ ಅದೇ ಫೋಲ್ಡರಿನಲ್ಲಿಡು. ಪಿಡಿಎಫ್‌ನೊಳಗೆ ಫಾಂಟೂ ಸೇರಿಕೊಳ್ಳುವುದರಿಂದ ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ.

ಹಾಗೆ ನಾನು ಮಾಡಿಟ್ಟು ಬಂದ ಎರಡನೇ ಅಧ್ಯಾಯವನ್ನು ಅಮ್ಮ ಮೊನ್ನೆ ಓದಿದಳಂತೆ. ಮಧ್ಯಾಹ್ನ ನೀನು ಮಲಗಿದ್ದಾಗ ತಮ್ಮ ತೆಗೆದುಕೊಟ್ಟನಂತೆ. ಫೋನಿನಲ್ಲಿ ನನ್ನೊಡನೆ ಬಹಳ ಹೊತ್ತು ಮಾತಾಡಿದಳು. ಅವಳೂ ಅದೇ ಊರಿನವಳಲ್ಲವೇ. ನಿಮ್ಮನೆಯ ಹಲಸಿನ ಮರ ಕೊಟ್ಟಿಗೆಯ ಹಿಂದೆ ಇರಲಿಲ್ಲವಂತೆ, ಬಾವಿಯ ಪಕ್ಕದಲ್ಲಿತ್ತಂತೆ. ಹಣ್ಣು ಬಾವಿಗೆ ಬಿದ್ದ ಸದ್ದು ಅವರ ಮನೆಯವರೆಗೂ ಕೇಳುತ್ತಿತ್ತಂತೆ. ನಿನ್ನೊಡನೆ ಹೇಳಲು ಹಿಂಜರಿಯುತ್ತಿದ್ದಾಳೆ.

ಯುಗಾದಿಗೆ ಬರುತ್ತೇನೆ. ನೀನು ಹೂಂ ಎಂದರೆ, ಆ ಫೋಲ್ಡರಿನಲ್ಲಿ ಬರೆಯುವ ಅನುಮತಿಯನ್ನು ಅಮ್ಮನ ಹೆಸರಿಗೂ ಹಾಕಿಕೊಡುತ್ತೇನೆ.

ನಿನ್ನ ಪ್ರೀತಿಯ ಮಗಳು