ಪದಕವಿಲ್ಲದ ದೋಣಿ

ಬೆಳಗಾವಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷಗಳ ಪರ್ಯಂತ ಸಂಸ್ಕೃತವನ್ನು ಕಲಿಸಿ, ನಿವೃತ್ತನಾಗಿ, ಹಿರಿಯರ ಮನೆಯಿರುವ ಖಾನಾಪುರಕ್ಕೆ ಬಂದು ನೆಲಸಿದ್ದೇನೆ. ಬೀಳ್ಕೊಡುವ ಸಭೆಯನ್ನು ಮುಂದಿನ ತಿಂಗಳು ಮಾಡೋಣವೆಂದಿದ್ದರು. ಆ ತಿಂಗಳು ಇನ್ನೂ ಬಂದಿಲ್ಲ. ಶಾಲಿನ ಆಶೆಯೇ ನನಗಿರಲಿಲ್ಲವೆಂದರೆ ವಾಚಕರಿಗೆ ಸುಳ್ಳು ಹೇಳಿದಂತಾದೀತು.

ಮೊನ್ನೆ ರಾತ್ರಿ ಕಟ್ಟೆಯ ಮೇಲೆ ಕುಳಿತಿರಲು ಗೋವೆಯ ಕಡೆಗೆ ಗಾಡಿಯೊಂದು ಹೋಯಿತು.

“ಅಜ್ಜಾ, ಈ ಹಳಿ ಎಲ್ಲಿ ತನಕಾ ಅದಾವು?” ಎಂದು ಮೊಮ್ಮಗನು ಕೇಳಿದನು.

ಲೋಂಡಾ, ಕ್ಯಾಸಲ್‌ರಾಕ್ ದಾಟಿ, ಘಟ್ಟವಿಳಿದು ಮಾರ್ಮಗೋವೆಯ ಬಂದರದ ತನಕ ಎಂದೆನು. ಹೇಳುತ್ತಿದ್ದಂತೆಯೇ ಆ ಬಂದರದ ಕಥೆಯೊಂದು ನೆನಪಾಯಿತು.

ಎರಡನೆಯ ಮಹಾಯುದ್ಧದಲ್ಲಿ ಗೋವೆಯು ತಟಸ್ಥ ಪೋರ್ತುಗಾಲದ ವಶದಲ್ಲಿತ್ತು. 1939ರಿಂದ ‘ಎಹ್ರೆನ್‌ಫೆಲ್ಸ್’ ಎಂಬ ಜರ್ಮನ್ ಹಡಗು ಅಲ್ಲಿ ಆಶ್ರಯ ಪಡೆದಿತ್ತು. ಬ್ರಿಟಿಷ್ ಹಡಗುಗಳ ಸಂಚಾರವನ್ನು ಅದು ಗುಪ್ತ ಯಂತ್ರದಿಂದ ತನ್ನವರ ಜಲಾಂತರ್ಗಾಮಿಗಳಿಗೆ ತಿಳಿಸುತ್ತಿದೆಯೆಂದು ಬ್ರಿಟಿಷರು ಶಂಕಿಸಿದರು. ತಟಸ್ಥ ಬಂದರಕ್ಕೆ ಸೈನ್ಯವನ್ನು ಕಳಿಸುವಂತಿರಲಿಲ್ಲ. ಆದುದರಿಂದ ಕಲಕತ್ತೆಯ ಲೈಟ್ ಹಾರ್ಸ್ ಎಂಬ ಸ್ವಯಂಸೇವಕ ದಳದವರನ್ನು ಗುಟ್ಟಾಗಿ ಆರಿಸಿದರು. ಅವರಲ್ಲಿ ಬಹುಮಂದಿ ವ್ಯಾಪಾರ, ಕಚೇರಿಗಳಲ್ಲಿದ್ದ ನಡುವಯಸ್ಸಿನವರು, ಯುದ್ಧರಂಗಕ್ಕೆ ಬೇಡವಾದವರು. ಅವರ ವಾಹನವಾದರೂ ಯುದ್ಧನೌಕೆಯಲ್ಲ. ಹೂಳು ಸಾಗಿಸುವ ‘ಫೀಬೀ’ ಎಂಬ ಮಂದಗತಿಯ ದೋಣಿ! ಅದು ಕಲಕತ್ತೆಯಿಂದ ಕರಾವಳಿಯನ್ನು ಸುತ್ತಿ ಬಂದಿತು. ಇವರು ರೈಲಿನಿಂದ ಕೊಚ್ಚಿಗೆ ಹೋಗಿ ಅದನ್ನೇರಿದರು.

1943ನೆಯ ಮಾರ್ಚ್ 9ರ ರಾತ್ರಿ, ಗೋವೆಯಲ್ಲಿ ಕಾರ್ನಿವಲ್ ಉತ್ಸವದ ಕೊನೆಯ ದಿನ, ದೋಣಿಯು ದೀಪವಿಲ್ಲದೆ ಹಡಗಿನ ಮಗ್ಗುಲಿಗೆ ಬಂದಿತು. ಇವರು ಏರಿದೊಡನೆ ಜರ್ಮನರು ತಮ್ಮ ಹಡಗನ್ನು ತಾವೇ ಮುಳುಗಿಸಿದರು. ಅವರ ನಾಯಕನು ಮಡಿದನು. ಬಳಿಯಿದ್ದ ಇನ್ನು ಮೂರು ಹಡಗುಗಳನ್ನೂ ಅವುಗಳ ನಾವಿಕರೇ ಹಾಳುಗೆಡಹಿದರು. ದೋಣಿಯು ಕತ್ತಲೆಯಲ್ಲಿ ಮರಳಿತು.

“ಮತ್ತ ಅವರಿಗೆ ಪದಕಾ ಸಿಕ್ಕಿತೇನು, ಅಜ್ಜಾ?”

ಇಲ್ಲ. ತಟಸ್ಥರ ನೀರಿನಲ್ಲಿ ಮಾಡಿದ ಕಾರ್ಯವನ್ನು ಸರಕಾರವು ತನ್ನದೆಂದು ಹೇಳುವಂತಿರಲಿಲ್ಲ. 1978ರಲ್ಲಿ ಜೇಮ್ಸ್ ಲೀಸರನ ಪುಸ್ತಕವು ಬಂದಾಗಲೇ ಲೋಕಕ್ಕೆ ಇದೆಲ್ಲ ವಿಶದವಾಗಿ ತಿಳಿದುದು.

ಹುಡುಗನು ಮಲಗಿದನು, ನನಗೆ ನಿದ್ರೆ ಬಾರದಾಯಿತು. ಗೂಢಪುರುಷರಿಲ್ಲದೆ ರಾಜ್ಯ ನಡೆಯದೆಂಬುದು ಕೌಟಿಲ್ಯನ ಮತ. ಆದರೆ ಮಹಾಭಾರತದ ಸೌಪ್ತಿಕಪರ್ವವನ್ನು ಪಾಠ ಹೇಳಿದವನಿಗೆ ಇರುಳಿನ ಮುತ್ತಿಗೆಯೆಂದರೆ ಮನಸ್ಸು ಅಳುಕುತ್ತದೆ. ಮಡಿದ ಆ ನಾಯಕನಿಗೂ ಮನೆಯಲ್ಲಿ ದಾರಿ ಕಾಯುವವರು ಇದ್ದಿರಬಹುದು. ಆ ಪ್ರೌಢರ ಧೈರ್ಯವನ್ನು ಮೆಚ್ಚಬಲ್ಲೆ; ಆ ಕಾರ್ಯವನ್ನು ನಿಸ್ಸಂಶಯವಾಗಿ ಹೊಗಳಲಾರೆ.

ಆದರೂ ಅವರ ಮೌನವು ನನ್ನನ್ನು ನಾಚಿಸಿತು. ಪ್ರಾಣವನ್ನು ಒತ್ತೆಯಿಟ್ಟವರು ಮೂವತ್ತೈದು ವರ್ಷ ಸುಮ್ಮನಿದ್ದರು. ಒಂದು ಶಾಲಿಗಾಗಿ ನಾನು ಎಂಟು ತಿಂಗಳಿಂದ ಮುನಿದಿದ್ದೇನೆ. ಅವರದು ಹಗಲಿನಲ್ಲಿ ಹೇಳಬಾರದ ಕೆಲಸ. ನಾನು ಮಾಡಿದ್ದು ಹಗಲಿನಲ್ಲಿ, ತೆರೆದ ಬಾಗಿಲಿನ ಕೋಣೆಯಲ್ಲಿ, ಯಾರಿಗೂ ಕೇಡಾಗದ ಕೆಲಸ. ಈ ಭಾಗ್ಯವು ಅವರಿಗಿರಲಿಲ್ಲ.

ಬೆಳಗಾದೊಡನೆ ಮೊಮ್ಮಗನನ್ನು ಎಬ್ಬಿಸಿ ರಾಮಶಬ್ದವನ್ನು ಹೇಳಿಕೊಡಲಾರಂಭಿಸಿದೆನು.