ಹೀರೋ ಕಾರು ಎಷ್ಟೆತ್ತರ ನಿಲ್ಲಬೇಕು?

ಬೆಳ್ಳಿತೆರೆಯ ಮೇಲೆ ಕಾರು ತಿರುವಿನಲ್ಲಿ ಕಿರ್ರಂತ ಜಾರಿದರೆ ನಾವೆಲ್ಲ ಶಿಳ್ಳೆ ಹೊಡೆದವರೇ! 1980ರಲ್ಲಿ ಶಂಕರ್‌ನಾಗ್ ಕಾರುಗಳ್ಳರ ಕಥೆ ‘ಮಿಂಚಿನ ಓಟ’ ಕೊಟ್ಟ ಮೇಲೆ ಸ್ಟೀರಿಂಗ್ ಹುಚ್ಚು ಹಿಡಿಸಿಕೊಂಡ ಸಾವಿರಾರು ಹುಡುಗರಲ್ಲಿ ನಾನೂ ಒಬ್ಬ. ಆದರೆ ಮಿತ್ರರೇ, ತೆರೆಯ ಮೇಲೆ ಜಾರುವ ಕಾರು ಬೇರೆ, ಮಲ್ಲಂದೂರಿನ ಮಳೆಯಲ್ಲಿ ಜಾರುವ ಕಾರು ಬೇರೆ. ಅಲ್ಲಿ ರೀಟೇಕ್ ಉಂಟು. ಇಲ್ಲಿ ಒಂದು ಕಡೆ ದರೆ, ಇನ್ನೊಂದು ಕಡೆ ಕಾಫಿ ತೋಟ, ಅದರ ಕೆಳಗೆ ಹಳ್ಳ!

ನಮ್ಮ ಮನೆಯಲ್ಲಿರೋದು ಎರಡು ಬಾಗಿಲಿನ ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಮದರಾಸಿನಲ್ಲಿ ತಯಾರಾದ ಗಾಡಿ. ಇಟಲಿಯ ಮಿಕೆಲೋಟಿ ಬರೆದ ರೂಪ. ಇದೇ ಹೆರಾಲ್ಡಿನ ಚಾಸಿಸನ್ನು ಗಿಡ್ಡ ಮಾಡಿ, 1962ರಲ್ಲಿ ಇಂಗ್ಲೆಂಡಿನವರು ‘ಸ್ಪಿಟ್‌ಫೈರ್’ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಅಂದರೆ ನಮ್ಮದು ಹೀರೋನ ಸ್ವಂತ ಅಣ್ಣ!

ಈ ಕಾರನ್ನು ಓಡಿಸೋನು ನನ್ನ ತಂಗಿಯ ಮಗ. ಒಂದು ದಿನ ಬಂದು, “ಮಾವ, ಗಾಡಿ ನೆಲಕ್ಕೆ ಅಂಟಿಕೊಂಡ ಹಾಗೆ ಕೂರಬೇಕು. ಸ್ಪ್ರಿಂಗ್ ಎರಡೆರಡು ಸುತ್ತು ಕಟ್ ಮಾಡಿಸೋಣ, ಪಿಕ್ಚರ್ ಕಾರಿನ ಹಾಗೆ ಕಾಣುತ್ತೆ” ಅಂದ. ಅವನಿಗೆ ನೋಟದ ಚಿಂತೆ, ನನಗೆ ತಂಗಿಯ ಚಿಂತೆ. ಹಿಂದಿನ ಮಳೆಗಾಲದಲ್ಲಿ ಚಿಕ್ಕಮಗಳೂರಿನಿಂದ ಬರುವಾಗ, ಇಳಿಜಾರಿನ ತಿರುವಿನಲ್ಲಿ ಎದುರಿಗೆ ಬಸ್ಸು ಕಂಡು ಇವನು ಬ್ರೇಕ್ ಒತ್ತಿದ್ದ. ಹಿಂಭಾಗ ಸರ್ರನೆ ತಿರುಗಿ ಕಾರು ದರೆಗೆ ಮೂತಿ ತಾಗಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ತಂಗಿ ಅಂದಿನಿಂದ ಆ ಕಾರು ಹತ್ತಿರಲಿಲ್ಲ. ಮಗ ಮನೆಯಲ್ಲೇ ಇದ್ದರೂ ಬಸ್ಸಿಗೇ ಕೈ ಅಡ್ಡ ಹಿಡಿಯೋಳು. ಅವನು ಅದನ್ನು ನೋಡಿಯೂ ನೋಡದವನ ಹಾಗೆ ಇರುತ್ತಿದ್ದ.

ಹೆರಾಲ್ಡಿನ ಗುಟ್ಟಿರೋದು ಹಿಂದಿನ ಚಕ್ರಗಳಲ್ಲಿ. ಡಿಫರೆನ್ಷಿಯಲ್ ಚಾಸಿಸ್‌ಗೆ ಬಿಗಿದು ಕೂತಿರುತ್ತೆ. ಅದರ ಮೇಲೆ ಅಡ್ಡಲಾಗಿ ಒಂದೇ ಕಮಾನು ಪಟ್ಟಿ. ಆಚೆಗೊಂದು ಈಚೆಗೊಂದು ಆಕ್ಸಲ್, ಹಕ್ಕಿ ರೆಕ್ಕೆ ಬಡಿದ ಹಾಗೆ ಮೇಲೆ ಕೆಳಗೆ ಆಡುತ್ತವೆ. ಬಾಡಿ ತಗ್ಗಿದರೆ ಚಕ್ರಗಳ ತಲೆ ಒಳಕ್ಕೆ, ಕಾಲು ಹೊರಕ್ಕೆ. ಕಬಡ್ಡಿ ಆಟಗಾರ ಕಾಲಗಲಿಸಿ ನಿಂತ ಹಾಗೆ! ಬಾಡಿ ಎದ್ದರೆ ಕಾಲು ಒಳಕ್ಕೆ ಸೇರುತ್ತೆ. ಅಂಥವನನ್ನು ಒಂದು ಬೆರಳಲ್ಲಿ ತಳ್ಳಬಹುದು. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಹೋಗಿ ಹಿಂಭಾಗ ಏಳುತ್ತೆ. ಹೊರಗಿನ ಚಕ್ರ ಒಳಮಡಿಸುತ್ತೆ. ಕಾರು ಬುಗುರಿ! 1972ರಲ್ಲಿ ಬಂದ ‘ಗೆಜೆಲ್’ ಕಾರಿಗೆ ಕಂಪನಿಯವರು ಈ ಆಡುವ ಆಕ್ಸಲ್ ಬಿಟ್ಟು ಒಂದೇ ಗಟ್ಟಿ ಆಕ್ಸಲ್ ಹಾಕಿದರು.

ಮೂಡಿಗೆರೆಯಿಂದ ಒಬ್ಬ ಹಿರಿಯ ಮೆಕ್ಯಾನಿಕ್ ಸಾಬ್ರನ್ನು ಕರೆಸಿದೆ. ಅವರು ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದವರೇ ನಕ್ಕರು. ಯಾವುದೋ ಕಾಲದಲ್ಲಿ ಯಾರೋ ಮೂಟೆ ಹೊರಲಿಕ್ಕೆಂದು ಕಮಾನಿಗೆ ಒಂದು ಪಟ್ಟಿ ಜಾಸ್ತಿ ಸೇರಿಸಿದ್ದರು! ಹಿಂಭಾಗ ಎದ್ದು ನಿಂತಿತ್ತು, ಚಕ್ರಗಳು ಕಾಲು ಜೋಡಿಸಿಕೊಂಡಿದ್ದವು. ಹುಡುಗ ಕೇಳಿದ್ದರಲ್ಲಿ ಅರ್ಧ ಸರಿ ಎಂದಾಯಿತು. ಹಿಂಭಾಗ ಇಳಿಯಲೇಬೇಕಿತ್ತು, ಚೆಂದಕ್ಕಲ್ಲ.

ಕೆಲಸಕ್ಕೆ ಸಮನೆಲ ಬೇಕಲ್ಲ? ಕಾಫಿ ಒಣಗಿಸುವ ಕಣವೇ ನಮ್ಮ ವರ್ಕ್‌ಶಾಪ್. ಮಳೆನೀರು ಹರಿಯಲೆಂದು ಕಣಕ್ಕೂ ಸ್ವಲ್ಪ ಇಳಿಜಾರಿರುತ್ತೆ. ನೀರು ತುಂಬಿದ ಪೈಪಿನಲ್ಲಿ ಮಟ್ಟ ನೋಡಿ, ತಗ್ಗಿದ್ದ ಕಡೆ ಚಕ್ರದಡಿಗೆ ತಗಡು ಕೊಟ್ಟೆವು. ಮೊದಲು ಟೈರಿನ ಗಾಳಿ. ಆಮೇಲೆ ಹೆಚ್ಚಿನ ಪಟ್ಟಿ ತೆಗೆದದ್ದು. ಖಾಲಿ ಗಾಡಿಯ ಎತ್ತರ ಸುಳ್ಳು ಹೇಳುತ್ತೆ, ಜನ ಕೂತಾಗಿನದೇ ಎತ್ತರ. ಅದಕ್ಕೇ ಡ್ರೈವರ್ ಸೀಟಿಗೊಂದು, ಪಕ್ಕದ ಸೀಟಿಗೊಂದು 50 ಕಿಲೋ ಕಾಫಿ ಮೂಟೆ ಹೊತ್ತು ತಂದೆವು. ಜಗುಲಿಯಿಂದ ನೋಡುತ್ತಿದ್ದ ತಂಗಿ ಎದ್ದು ಬಂದಳು.

“ಅಣ್ಣಯ್ಯ, ಕೂರೋಳು ನಾನು, ಲೆಕ್ಕ ಮೂಟೇದಾ?”

ಮೂಟೆ ಇಳಿಸಿದೆವು. ಅವಳು ಪಕ್ಕದ ಸೀಟಿನಲ್ಲಿ ಕೂತಳು, ಅಳಿಯ ಸ್ಟೀರಿಂಗಿಗೆ. ಗಾಡಿಯನ್ನು ನಾಲ್ಕು ಸಲ ಕುಲುಕಿ, ನಾಲ್ಕಡಿ ಮುಂದೆ ಹಿಂದೆ ಉರುಳಿಸಿ ನಿಲ್ಲಿಸಿದೆವು. ಉರುಳಿಸದಿದ್ದರೆ ಈ ಚಕ್ರಗಳು ತಮ್ಮ ಜಾಗಕ್ಕೆ ಬಂದು ಕೂರೋದಿಲ್ಲ. ಗಾರೆಯವರ ತೂಗುಗುಂಡು ಇಳಿಬಿಟ್ಟು ನೋಡಿದರೆ, 13 ಇಂಚಿನ ಚಕ್ರದ ರಿಮ್ಮಿನ ಮೇಲಂಚು ಕೆಳಂಚಿಗಿಂತ 6 ಮಿಲಿಮೀಟರ್ ಒಳಗೆ. ಸುಮಾರು 1 ಡಿಗ್ರಿ. “ಬಸ್, ಇಷ್ಟೇ ಬೇಕು” ಅಂದರು ಸಾಬ್ರು. ಮುಂದಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳ ನಟ್ಟುಗಳನ್ನೂ ಗಾಡಿ ನೆಲದ ಮೇಲೆ ಭಾರ ಹೊತ್ತು ನಿಂತಾಗಲೇ ಬಿಗಿದರು. ಜಾಕಿಯ ಮೇಲೆ ಬಿಗಿದರೆ ರಬ್ಬರ್ ತಿರುಚಿಕೊಂಡು ಎತ್ತರವೇ ಕೆಡುತ್ತೆ.

ಕೊನೆಗೆ ಅಲೈನ್‌ಮೆಂಟ್. ಎತ್ತರ ಬದಲಾದರೆ ಇದೂ ಬದಲಾಗುತ್ತೆ, ಆದ್ದರಿಂದ ಇದಕ್ಕೆ ಕೊನೇ ಸರದಿ. ಕಾರಿನ ಎರಡೂ ಬದಿಗೆ ಚಕ್ರದ ನಡುಮಟ್ಟದಲ್ಲಿ ದಾರ ಎಳೆದು ಕಟ್ಟಿ, ದಾರದಿಂದ ರಿಮ್ಮಿನ ಮುಂದಂಚಿಗೂ ಹಿಂದಂಚಿಗೂ ಅಳೆದೆವು. ಟೈ ರಾಡ್ ತಿರುಗಿಸಿ ಮುಂದಿನ ಚಕ್ರಗಳ ಮೂತಿಯನ್ನು ಒಂದೂವರೆ ಮಿಲಿಮೀಟರ್ ಒಳಕ್ಕೆ ತಂದೆವು. ಹಿಂದಿನ ಚಕ್ರಗಳಿಗೆ ರೇಡಿಯಸ್ ಆರ್ಮಿನ ಶಿಮ್.

ಮುಂದಿನ ಸ್ಪ್ರಿಂಗ್ ಕಟ್ ಮಾಡಲು ಮಾತ್ರ ನಾನು ಬಿಡಲಿಲ್ಲ. ತೋಟದ ರಸ್ತೆಯಲ್ಲಿ ನಡುವೆ ಎದ್ದ ಒಂದು ಕಲ್ಲು ಸಾಕು, ಆಯಿಲ್ ಸಂಪ್ ಒಡೆಯೋದಕ್ಕೆ. ಅಳಿಯನ ಹೀರೋ ಗೌರವ್ ಗಿಲ್. 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್. ನಮ್ಮ ಚಿಕ್ಕಮಗಳೂರಿನ ತೋಟದ ದಾರಿಗಳಲ್ಲೂ ಧೂಳೆಬ್ಬಿಸಿದವನು. “ನಿನ್ನ ಗಿಲ್ ಮಣ್ಣಿನ ದಾರಿಗೆ ತಂದ ಕಾರು ನೆಲಕ್ಕೆ ಅಂಟಿಕೊಂಡಿತ್ತೇನೋ?” ಅಂದೆ. ಮಾತಾಡಲಿಲ್ಲ. ಮಣ್ಣಿನ ರಸ್ತೆಗೆ ರ‍್ಯಾಲಿ ಕಾರನ್ನು ಎತ್ತರಿಸುತ್ತಾರೆ ಅನ್ನೋದು ಅವನಿಗೂ ಗೊತ್ತು.

ಮರುದಿನ ಜಿಟಿಜಿಟಿ ಮಳೆ. ತಂಗಿ ಕೊಡೆ ಹಿಡಿದು ಹೊರಟವಳು ಬಸ್ಸಿನ ಕಡೆಗೆ ಹೋಗಲಿಲ್ಲ, ಕಾರಿನ ಬಾಗಿಲು ತೆಗೆದಳು. ನಾನು ಹಿಂದೆ ಕೂತೆ. ಆ ತಿರುವು ಬಂದಾಗ ಮೂವರೂ ಮೌನ. ಅಳಿಯ ತಿರುವಿಗೆ ಮುಂಚೆಯೇ ಬ್ರೇಕ್ ಒತ್ತಿ, ಆಮೇಲೆ ಸ್ಟೀರಿಂಗ್ ತಿರುಗಿಸಿದ. ಹಿಂಭಾಗ ಅಲುಗಲಿಲ್ಲ. “ಟೊಮೇಟೊ ತಗೋಬೇಕು, ನೆನಪು ಮಾಡು” ಅಂದಳು ತಂಗಿ, ಮಗನಿಗೆ.

ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನ ರಸ್ತೆ ಅಪಘಾತದಲ್ಲಿ ನಮ್ಮನ್ನು ಬಿಟ್ಟುಹೋದಾಗ ಆತನಿಗೆ ಬರೀ 35 ವರ್ಷ. ರಸ್ತೆ ಯಾವ ಹೀರೋನನ್ನೂ ಗುರುತು ಹಿಡಿಯೋದಿಲ್ಲ. ಅಭಿಮಾನಿ ಗೆಳೆಯರೇ, ನಿಮ್ಮ ಗಾಡಿ ಹಳೆಯದಿರಲಿ ಹೊಸದಿರಲಿ, ಸ್ಪ್ರಿಂಗಿಗೆ ಬ್ಲೇಡ್ ಹಾಕಿಸುವ ಮುಂಚೆ ನಿಮ್ಮ ಜೊತೆ ಕೂರೋರನ್ನು ಕೂರಿಸಿಕೊಂಡು ಒಮ್ಮೆ ಅಳತೆ ಹಿಡಿದು ನೋಡಿ. ದಾರ, ತೂಗುಗುಂಡು ಎರಡೂ ಸೇರಿ ಒಂದು ಬಾಲ್ಕನಿ ಟಿಕೆಟ್ಟಿನಷ್ಟೂ ಆಗೋದಿಲ್ಲ!